ಬನ್ನಿ ಗಿಡ ಸುತ್ತಿದ ಗೆರೆ

ಬೆಳಿಗ್ಗೆ ಏಳಕ್ಕೆ ಫೋನ್ ಬಂತು. ಆ ಹೊತ್ತಿನಲ್ಲಿ ಫೋನ್ ಮಾಡುವವರ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಎರಡು ಸಲ ಬಾರಿಸಿಕೊಳ್ಳಲಿ ಎಂದು ಬಿಟ್ಟು ಮೂರನೆಯ ಸಲ ಎತ್ತಿದೆ.

"ನನ್ನ ಹೊಲಾ ಎಲ್ಲಿ ಹೋತ್ರಿ?"

"ಯಾರು ಮಾತಾಡಾಕತ್ತೀರಿ?"

"ಹೊಲಾ ಕಳಕೊಂಡಾಂವ."

ತಮಾಷೆ ಮಾಡುವ ಮನುಷ್ಯ ಅಲ್ಲವೆಂದು ದನಿ ಕೇಳಿದ ಕೂಡಲೇ ಗೊತ್ತಾಯಿತು. ಧಾರವಾಡದ ಕೆಲಗೇರಿ ಕೆರೆ ದಾಟಿ ಮುಂದೆ ಹೋದರೆ ಇವರದು ಎಂಟು ಎಕರೆ ಎರೆಹೊಲ, ಹುಬ್ಬಳ್ಳಿ ಮಾರುಕಟ್ಟೆಯಲ್ಲಿ ಹತ್ತಿ, ಕಾಳು ದಲಾಲಿಯಲ್ಲಿ ಮಾರಿಕೊಡುವ ಅಡತಿ ಅಂಗಡಿ. ಊರವರು ಸಾವಕಾರ್ರು ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಅವರ ಹೊಲಕ್ಕೆ ಹೊಂದಿಕೊಂಡು ಪೂರ್ವಕ್ಕೆ ಅವರ ಅಣ್ಣನ ಆರು ಎಕರೆ. ಅಣ್ಣನಿಗೆ ನಾನು ಕಾಕಾ ಎನ್ನುತ್ತಿದ್ದೆ. ವಾಟ್ನಿಯಲ್ಲಿ ಹೊಲ ಎರಡು ಪಾಲಾಗಿ ಹದಿನಾರು ವರ್ಷವಾಗಿತ್ತು. ಅಷ್ಟೂ ವರ್ಷ ಅಣ್ಣತಮ್ಮಂದಿರ ನಡುವೆ ಮಾತಿರಲಿಲ್ಲ.

"ನಿಮ್ಮ ಆಪ್ ತಗದ ನೋಡ್ರಿ," ಎಂದರು ಸಾವಕಾರ್ರು. "ಬನ್ನಿ ಗಿಡಾ ನಮ್ಮಣ್ಣನ ಹೊಲದಾಗ ನಡಕೊಂಡ ಹೋಗೇತಿ. ಗಿಡಕ್ಕ ಕಾಲು ಬಂದಾವೋ, ನಿಮಗ ಬಂದಾವೋ?"

ಲ್ಯಾಪ್‌ಟಾಪ್ ತೆರೆದು ನೋಡಿದೆ. ಅವರು ಹೇಳಿದ್ದು ನಿಜ. ಎರಡು ಹೊಲಗಳ ನಡುವಿನ ಹಳದಿ ಗೆರೆ ಬದುವಿನ ಮೇಲೆ ನೆಟ್ಟಗೆ ಬಂದು, ಒಂದು ಕಡೆ ಚೀಲದ ಹಾಗೆ ಪಶ್ಚಿಮಕ್ಕೆ ಉಬ್ಬಿ, ತಮ್ಮನ ಹೊಲದ ಬನ್ನಿ ಗಿಡವನ್ನು ಒಳಗೆ ಹಾಕಿಕೊಂಡು ಮತ್ತೆ ಬದುವಿಗೆ ಮರಳಿತ್ತು. ಆ ಗೆರೆಯನ್ನು ಅಲ್ಲಿ ತಂದು ಹಾಕಿದವನು ನಾನು.

ನನ್ನ ಕೆಲಸ ಅದೇ. ಹುಬ್ಬಳ್ಳಿಯ ಗಬ್ಬೂರ ಬೈಪಾಸ್ ಹತ್ತಿರ ಟೈರ್ ಅಂಗಡಿಯ ಮಹಡಿಯಲ್ಲಿ ನಮ್ಮ ಆಫೀಸು. ನಿಖರ ಬೇಸಾಯದ ಸಾಫ್ಟ್‌ವೇರ್ ಮಾರುತ್ತೇವೆ. ಹೊಲದ ಗಡಿ, ಮಣ್ಣಿನ ಪರೀಕ್ಷೆ, ಹಿಂದಿನ ವರ್ಷಗಳ ಬೆಳೆ, ಇಷ್ಟನ್ನು ಒಳಗೆ ತುಂಬಿದರೆ ಅದು ಹೊಲವನ್ನು ಚೌಕಗಳಾಗಿ ಕತ್ತರಿಸಿ, ಯಾವ ಚೌಕಕ್ಕೆ ಎಷ್ಟು ಬೀಜ, ಎಷ್ಟು ಗೊಬ್ಬರ ಎಂದು ಹೇಳುತ್ತದೆ. ತುಂಬುವವನು ನಾನು. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಾದರೆ ದುಡ್ಡು ಕೊಟ್ಟು ಕೊಳ್ಳಬೇಕು. ಒಬ್ಬ ರೈತ ಬೆಳೆಯನ್ನು ಚೀಲದಲ್ಲಿ ಹೇಳುತ್ತಾನೆ, ಇನ್ನೊಬ್ಬ ಚಕ್ಕಡಿ ಗಾಡಿಯಲ್ಲಿ. ಮೂರನೆಯವನು "ಆ ವರ್ಷ ಛಲೋ ಬಂದಿತ್ರಿ" ಎನ್ನುತ್ತಾನೆ. ಸಾಫ್ಟ್‌ವೇರ್ ಅಂಕಿ ಕೇಳುತ್ತದೆ. ಅವರ ನೆನಪನ್ನು ಅಂಕಿ ಮಾಡಿ ಹಾಕುವುದು, ಆಮೇಲೆ ಅದರ ಮೇಲೆ ಬಂದ ಬಣ್ಣದ ನಕ್ಷೆಯನ್ನು ವಿಜ್ಞಾನವೆಂದು ಅವರಿಗೇ ತೋರಿಸುವುದು. ಹುಬ್ಬಳ್ಳಿಯ ಕಮರಿಪೇಟೆಯಲ್ಲಿ ಹುಟ್ಟಿದ ನನಗೆ ಅಂಗೈಯಷ್ಟೂ ಹೊಲವಿಲ್ಲ. ಆದ್ದರಿಂದಲೋ ಏನೋ, ಹೊಲವಿದ್ದವರ ನೆನಪನ್ನು ನಾನು ನಂಬುತ್ತಿರಲಿಲ್ಲ. ನನ್ನ ನೆನಪನ್ನು ನಂಬುತ್ತಿದ್ದೆ.

ಸಾವಕಾರ್ರು ಹಿಂದಿನ ವರ್ಷವೇ ನಮ್ಮ ಗಿರಾಕಿ. ಅವರ ಹೊಲದ ಗಡಿಯನ್ನು ಆಫೀಸಿನಲ್ಲೇ ಕೂತು, ಉಪಗ್ರಹದ ಚಿತ್ರದ ಮೇಲೆ ಕೈಯಿಂದ ಎಳೆದಿದ್ದೆ. ತಮ್ಮ ಸೇರಿದ್ದು ಗೊತ್ತಾಗಿ ಈ ವರ್ಷ ಅಣ್ಣನೂ ಸೇರಿದರು. "ಅವನ ಹೊಲಾ ಮ್ಯಾಲಿಂದ ನೋಡೂದಾದ್ರ ನಮ್ಮದೂ ನೋಡ್ಲಿ," ಎಂದಿದ್ದರು ಕಾಕಾ. ಅವರ ಗಡಿಯನ್ನು ನಡೆದೇ ಅಳೆಯಬೇಕೆಂದು ನಾನು ಹಟ ಹಿಡಿದೆ. ನನ್ನ ಫೋನನ್ನು ಅವರ ಅಂಗಿಯ ಕಿಸೆಯಲ್ಲಿಟ್ಟು, ಹೊಲವನ್ನು ಒಂದು ಸುತ್ತು ಹಾಕಿ ಬರಲು ಹೇಳಿದೆ. ಫೋನ್ ದಾರಿಯುದ್ದಕ್ಕೂ ಬಿಂದುಗಳನ್ನು ಗುರುತು ಮಾಡಿಕೊಳ್ಳುತ್ತದೆ, ಬಿಂದು ಸೇರಿ ಗೆರೆಯಾಗುತ್ತದೆ.

ಕಾಕಾ ಸುತ್ತಿದರು. ಎಳ್ಳಮಾಸಿಗೆ, ಅಂದರೆ ಎಳ್ಳು ಅಮಾವಾಸ್ಯೆಗೆ, ಚರಗ ಚೆಲ್ಲುತ್ತ ಹೇಗೆ ಸುತ್ತುತ್ತಾರೋ ಹಾಗೆ. ಆ ದಿನ ಮನೆಯವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡದ ಐದು ಕಲ್ಲುಗಳಿಗೆ ಸುಣ್ಣ ಬಳಿದು ಪೂಜೆ ಮಾಡಿ, ಅನ್ನ ಕಡುಬು ಚೆಲ್ಲುತ್ತ ಹೊಲವನ್ನು ಬಲಕ್ಕೆ ಸುತ್ತುತ್ತಾರೆ. ಭೂಮಿಗೆ ಊಟ ಹಾಕುವ ದಿನ ಅದು. ವಾಟ್ನಿಯಲ್ಲಿ ಬನ್ನಿ ಗಿಡ ತಮ್ಮನ ಪಾಲಿಗೆ ಹೋಯಿತು, ಪೂಜೆ ಹಿರಿಯನಾದ ಅಣ್ಣನಿಗೆ ಉಳಿಯಿತು. ಅದಕ್ಕೆ ಪ್ರತಿಯಾಗಿ ಎಂಬಂತೆ ಇನ್ನೊಂದು ಇತ್ತು. ಅಣ್ಣನ ಹೊಲಕ್ಕೆ ರಸ್ತೆಯಿಲ್ಲ, ಚಕ್ಕಡಿ ದಾರಿ ತಮ್ಮನ ಹೊಲದ ಒಳಗಿಂದಲೇ ಹೋಗುತ್ತದೆ. ಎರಡೂ ಕಾಗದದಲ್ಲಿ ಇಲ್ಲ. ವರ್ಷಕ್ಕೊಮ್ಮೆ ಅಣ್ಣ ಬದು ದಾಟಿ ಗಿಡ ಸುತ್ತುತ್ತಾನೆ, ತಮ್ಮ ಸುಮ್ಮನಿರುತ್ತಾನೆ. ವರ್ಷವಿಡೀ ಅಣ್ಣನ ಚಕ್ಕಡಿ ಹೋಗುತ್ತದೆ, ತಮ್ಮ ಸುಮ್ಮನಿರುತ್ತಾನೆ. ಮಾತು ಬಿಟ್ಟ ಮನೆಗಳಲ್ಲಿ ಉಳಿದ ಒಪ್ಪಂದ ಅಷ್ಟೇ.

ಇದೆಲ್ಲ ನನಗೆ ಆಗಲೇ ಗೊತ್ತಿತ್ತೋ, ಆಮೇಲೆ ಗೊತ್ತಾಯಿತೋ? ಈ ಬರಹದ ಕಷ್ಟವೇ ಅದು.

ಸಾವಕಾರ್ರ ಫೋನ್ ಬರುವ ಹಿಂದಿನ ದಿನ, ಆ ಬಿಂದುಗಳ ಕಡತವನ್ನು ಸಾಫ್ಟ್‌ವೇರಿಗೆ ಹಾಕುವಾಗ ಒಂದು ಎಚ್ಚರಿಕೆ ಬಂದದ್ದು ಮಾತ್ರ ಖಚಿತ. ಈ ಗಡಿ ಇನ್ನೊಂದು ಹೊಲದ ಗಡಿಯ ಮೇಲೆ ಬಂದಿದೆ, ಹಳೆಯದನ್ನು ಉಳಿಸಬೇಕೋ ಹೊಸದನ್ನೋ ಎಂದು ಕೇಳಿತು. ಆ ದಿನ ಇನ್ನೂ ಹತ್ತಾರು ಹೊಲಗಳು ಬಾಕಿ ಇದ್ದವು. ಹಳೆಯದು ಕೈಯಿಂದ ಎಳೆದದ್ದು, ಹೊಸದು ಅಳೆದದ್ದು. ಅಳೆದದ್ದನ್ನು ನಂಬು ಎಂದು ಕಾಲೇಜಿನಲ್ಲಿ ಐದು ವರ್ಷ ಕಲಿಸಿದ್ದರು. ಹೊಸದು ಎಂದು ಒತ್ತಿದೆ. ತಮ್ಮನ ಹೊಲದಿಂದ ಒಂದು ತುಂಡು ಹರಿದು ಅಣ್ಣನಿಗೆ ಅಂಟಿತು. ಆ ರಾತ್ರಿಯೇ ಇಬ್ಬರ ಆಪ್‌ಗಳಿಗೂ ಹೊಸ ನಕ್ಷೆ ಹೋಯಿತು.

ಸಾವಕಾರ್ರ ಫೋನ್ ಇಟ್ಟ ಅರ್ಧ ಗಂಟೆಗೆ ಕಾಕಾನ ಹೆಂಡತಿಯ ಫೋನ್ ಬಂತು. ಅವರಿಗೆ ನಾನು ಕಾಕು ಎನ್ನುತ್ತಿದ್ದೆ. ಮನೆಯಲ್ಲಿ ಆಪ್ ನೋಡಲು ಬರುತ್ತಿದ್ದದ್ದು ಅವರೊಬ್ಬರಿಗೇ.

"ಸಾಹೇಬ್ರ, ಮೈದುನ ದಾರಿಗೆ ಜಾಲಿ ಮುಳ್ಳ ಹಚ್ಯಾನ. ಟ್ರ್ಯಾಕ್ಟರ್ ರಸ್ತಾದ ಮ್ಯಾಲ ನಿಂತೈತಿ. ಬೀಜಾ ಟ್ರಾಲ್ಯಾಗ ಅದಾವ. ಹದಾ ನಿಮ್ಮ ಸಂಬಂಧ ನಿಂದ್ರೂದಿಲ್ಲ, ಲಗೂ ಬರ್ರಿ."

ಎರೆಹೊಲದ ಹದ ಗೊತ್ತಿಲ್ಲದವರಿಗೆ ಒಂದು ಮಾತು. ದೊಡ್ಡ ಮಳೆಯಾದ ಮೇಲೆ ಆ ಮಣ್ಣಿನಲ್ಲಿ ಎರಡು ಮೂರು ದಿನ ಕಾಲಿಡಲು ಆಗುವುದಿಲ್ಲ. ಆಮೇಲೆ ಎರಡೇ ದಿನ ಬಿತ್ತಲು ಸರಿಯಾದ ಹಸಿ ಇರುತ್ತದೆ. ಅದು ದಾಟಿದರೆ ಮೇಲ್ಮಣ್ಣು ಒಣಗಿ ಬಿರಿದು, ಬೀಜ ಹಾಕಿದರೂ ಹುಟ್ಟುವುದು ಅಲ್ಲೊಂದು ಇಲ್ಲೊಂದು. ಕಾಕಾ ಸೋಯಾ ಬಿತ್ತಬೇಕಿತ್ತು. ಅದು ಹದದ ಮೊದಲ ದಿನ.

ಹೊರಡುವ ಮುನ್ನ ಮ್ಯಾನೇಜರ್‌ಗೆ ಫೋನ್ ಮಾಡಿ ತಿಳಿಸಿದೆ. ಅವರೆಂದರು: "ನಮ್ಮ ಸಿಸ್ಟಮ್ ತಪ್ಪಂತ ಎಲ್ಲೂ ಅನಬ್ಯಾಡ್ರಿ. ರೈತರು ಕೊಟ್ಟ ಮಾಹಿತಿ ಹಾಕೇವಿ ಅಂತ ಹೇಳ್ರಿ. ಖರೇನೂ ಹೌದಲ್ಲ?"

ಬೈಕಿನ ಮೇಲೆ ಹೋಗುತ್ತ ನಾನು ಕಾಕಾ ಹೊಲ ಸುತ್ತಿದ ದಿನವನ್ನು ನೆನಪಿಗೆ ತಂದುಕೊಂಡೆ. ಬನ್ನಿ ಗಿಡದ ಹತ್ತಿರ ಕಾಕಾ ಚಪ್ಪಲಿ ಬಿಟ್ಟರು, ಕೈ ಮುಗಿದರು, ಏನೂ ಹೇಳಲಿಲ್ಲ. ನಾನು ಕೊಡೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ಎಷ್ಟು ಸ್ಪಷ್ಟವಾಗಿತ್ತೆಂದರೆ ಸಂಶಯಪಡುವ ನನ್ನ ಚಟವೂ ಸುಮ್ಮನಿತ್ತು.

ದಾರಿಯ ಬಾಯಿಗೆ ಎದೆಯೆತ್ತರ ಜಾಲಿ ಮುಳ್ಳು. ಅದರ ಆಚೆ ಸಾವಕಾರ್ರು, ಈಚೆ ಕಾಕಾ, ಕಾಕು. ಟ್ರ್ಯಾಕ್ಟರಿನವನು ಸೀಟಿನ ಮೇಲೆಯೇ ಮಲಗಿದ್ದ. ಅಣ್ಣತಮ್ಮಂದಿರು ಒಬ್ಬರಿಗೊಬ್ಬರು ಮಾತಾಡುತ್ತಿರಲಿಲ್ಲ, ಆಡಬೇಕಾದ್ದನ್ನೆಲ್ಲ ನನ್ನ ಮುಖಕ್ಕೆ ಆಡಿದರು.

"ಅವಂಗ ಹೇಳ್ರಿ," ಎಂದರು ಕಾಕಾ, "ನಾ ಪೂಜಾದ ಸುತ್ತು ಸುತ್ತೇನಿ, ಹೊಲಾ ನುಂಗಾಕ ಸುತ್ತಿಲ್ಲ."

"ಅವಂಗ ಹೇಳ್ರಿ," ಎಂದರು ಸಾವಕಾರ್ರು, "ವರ್ಷಕ್ಕೊಮ್ಮೆ ಸುತ್ತಾಕ ಬಿಟ್ರ ಫೋನ್ ಕಿಸೇದಾಗ ಇಟಗೊಂಡ ಸುತ್ತತಾನ. ನಾಳಿಗೆ ಇದs ನಕ್ಷೆ ತಗೊಂಡ ಕೋರ್ಟಿಗೆ ಹೋಗತಾನ."

"ನಕ್ಷೆಗೆ ಕೋರ್ಟಿನಾಗ ಬೆಲೆ ಇಲ್ರಿ," ಎಂದೆ ನಾನು.

"ಬೆಲೆ ಇಲ್ಲದ್ದಕ್ಕ ನಮ್ಮ ಕಡೆ ರೊಕ್ಕಾ ಯಾಕ ತಗೋತೀರಿ?"

ಕಾಕಾ ನನ್ನ ಕಡೆ ತಿರುಗಿದರು. "ಸಾಹೇಬ್ರ, ಗಿಡದ ಕೆಳಗ ನಾ ನಿಮಗ ಹೇಳಿದ್ನೋ ಇಲ್ಲೋ? ಇದು ತಮ್ಮನ ಪಾಲಿಂದು, ಪೂಜಾಕ್ಕಷ್ಟ ಸುತ್ತೂದು, ಇದನ್ನ ನಿಮ್ಮ ಲೆಕ್ಕದಾಗ ಹಿಡೀಬ್ಯಾಡ್ರಿ ಅಂತ."

ಎಲ್ಲರೂ ನನ್ನನ್ನು ನೋಡಿದರು. ಟ್ರ್ಯಾಕ್ಟರಿನವನೂ ಎದ್ದು ಕೂತ.

"ಇಲ್ಲ ಕಾಕಾ," ಎಂದೆ. "ನೀವು ಏನೂ ಹೇಳಿಲ್ಲ."

ಸಾವಕಾರ್ರು ನಕ್ಕರು. "ಸಾಕಲ್ಲ? ಓದಿದಾವ್ರ ಹೇಳ್ಯಾರ. ಬೇಕಂತs ಸುತ್ಯಾನ." ಇನ್ನೊಂದು ಹೊರೆ ಜಾಲಿ ತರಲು ಹೋದರು. ಕಾಕಾ ಟ್ರ್ಯಾಕ್ಟರಿನ ಕಡೆ ನಡೆದರು. ಕಾಕು ಮಾತ್ರ ನನ್ನನ್ನು ಬಿಡಲಿಲ್ಲ.

"ನಿಮ್ಮನ್ನ ನಮ್ಮ ಮನ್ಯಾಗ ರೊಟ್ಟಿ ತಿನ್ನಿಸಿ ಕಳಿಸಿದ್ನಿ. ಅದಾದ್ರೂ ನೆನಪೈತೋ?"

ನೆನಪಿತ್ತು. ಬಿಸಿಲು ಏರುತ್ತಿತ್ತು, ಹದ ಹೋಗುತ್ತಿತ್ತು. ನಾನು ಬೈಕ್ ಹತ್ತಿ ಆಫೀಸಿಗೆ ಬಂದೆ. ಸರಿ ಮಾಡಿದೆ ಎಂದೇ ಅಂದುಕೊಂಡಿದ್ದೆ. ದಾರಿಯುದ್ದಕ್ಕೂ ಅವರನ್ನು ಬೈದುಕೊಂಡು ಬಂದೆ. ನೆನಪಿಟ್ಟುಕೊಳ್ಳಲಾರರು, ಬರೆದಿಡಲಾರರು, ಮುಳ್ಳು ಹಚ್ಚಲು ಮಾತ್ರ ಬರುತ್ತದೆ.

ಮಧ್ಯಾಹ್ನ, ನನ್ನ ಮಾತಿಗೆ ಪುರಾವೆ ಇರಲಿ ಎಂದು, ಕಾಕಾ ಸುತ್ತಿದ ಕಡತವನ್ನು ಬಿಂದು ಬಿಂದುವಾಗಿ ತೆರೆದೆ. ಪ್ರತಿ ಬಿಂದುವಿಗೂ ಹೊತ್ತು ನಮೂದಾಗಿರುತ್ತದೆ. ಬನ್ನಿ ಗಿಡದ ಹತ್ತಿರ ಐದು ನಿಮಿಷ ಬಿಂದುಗಳು ಮುಂದೆ ಹೋಗಿರಲಿಲ್ಲ, ಒಂದೇ ಕಡೆ ನೊಣಗಳಂತೆ ಮುತ್ತಿಕೊಂಡಿದ್ದವು. ಕೈ ಮುಗಿಯಲು ಐದು ನಿಮಿಷ ಬೇಕಿಲ್ಲ. ಹಾಗಾದರೆ ಅಲ್ಲಿ ನಿಂತು ಮಾತಾಡಿದ್ದು ಹೌದೇ? ಮಾತಾಡಿದ್ದರೆ ಏನು? ಫೋನ್ ನಿಂತದ್ದನ್ನು ಬರೆದುಕೊಂಡಿದೆ, ಮಾತನ್ನು ಬರೆದುಕೊಂಡಿಲ್ಲ.

ಆಮೇಲೆ ಕೊಡೆಯ ನೆನಪಾಯಿತು. ನನ್ನ ನೆನಪಿನಲ್ಲಿ ನಾನು ಕಪ್ಪು ಕೊಡೆ ಹಿಡಿದು ಗಿಡದ ಕೆಳಗೆ ನಿಂತಿದ್ದೇನೆ. ಆ ಕೊಡೆ ಆಫೀಸಿನ ಮೂಲೆಯಲ್ಲೇ ಇತ್ತು. ಅದನ್ನು ಕೊಂಡು ಒಂದು ವಾರವೂ ಆಗಿರಲಿಲ್ಲ. ಕಾಕಾನ ಹೊಲ ಸುತ್ತಿದ್ದು ಮಳೆ ಹಿಡಿಯುವುದಕ್ಕೆ ಎಷ್ಟೋ ಮೊದಲು. ಅಂದರೆ ಕೊಡೆಯನ್ನು ನಾನೇ ಆ ದಿನದೊಳಗೆ ಸೇರಿಸಿದ್ದೆ. ಕೊಡೆ ಸೇರಿಸಿದವನು ಮೌನವನ್ನೂ ಸೇರಿಸಿರಬಹುದು. ಪಕ್ಕದಲ್ಲಿ ನಿಂತಿದ್ದೆ ಎನ್ನುವುದೂ ಹಾಗೇ ಇರಬಹುದು, ದೂರ ಬದುವಿನ ಮೇಲೆ ಕೂತು ಬೇರೆ ಯಾರದೋ ಹೊಲದ ಅಂಕಿ ಬರೆಯುತ್ತಿದ್ದಿರಬಹುದು.

ಚೀಲದಿಂದ ನೋಟ್‌ಬುಕ್ ತೆಗೆದೆ. ಆ ದಿನದ ಪುಟದಲ್ಲಿ ಮಣ್ಣಿನ ಮಾದರಿಗಳ ಸಂಖ್ಯೆ, ಹಿಂದಿನ ಬೆಳೆಯ ಚೀಲಗಳು. ಕೆಳಗೆ ಅಡ್ಡಲಾಗಿ, ನನ್ನದೇ ಕೈಬರಹದಲ್ಲಿ, ಒಂದು ಪದ ಮತ್ತು ಒಂದು ಚಿಹ್ನೆ: ಬನ್ನಿ?

ಕೇಳಬೇಕೆಂದು ಬರೆದದ್ದೋ, ಹೇಳಿದ್ದನ್ನು ನಂಬದೆ ಬರೆದದ್ದೋ, ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ. ಆದರೆ ಗಿಡದ ಬಗ್ಗೆ ಏನೋ ಇದೆ ಎಂದು ನನಗೆ ಆ ದಿನವೇ ಗೊತ್ತಿತ್ತು. ಎಚ್ಚರಿಕೆ ಬಂದಾಗ ಈ ಪುಟ ತಿರುವಿದ್ದರೆ ಮುಗಿಯುತ್ತಿತ್ತು. ನಾನು ತಿರುವಲಿಲ್ಲ.

ಆಗಲೇ ಮತ್ತೆ ಹೊಲಕ್ಕೆ ಹೊರಡಬಹುದಿತ್ತು. ಹೊರಡಲಿಲ್ಲ. ಮ್ಯಾನೇಜರ್ ಎದುರಿನ ಕೋಣೆಯಲ್ಲಿದ್ದರು ಎಂಬುದು ಒಂದು ಕಾರಣ. ಇನ್ನೊಂದು ಕಾರಣ, ಕಾಕುವಿನ ಮುಖ ಅದೇ ದಿನ ಮತ್ತೆ ನೋಡುವ ಧೈರ್ಯ ಇರಲಿಲ್ಲ. ಸಂಜೆಯವರೆಗೆ ಬೇರೆಯವರ ಮಣ್ಣಿನ ಅಂಕಿ ತುಂಬುತ್ತ ಕೂತೆ. ಹದದ ಒಂದು ದಿನ ಹಾಗೆ ಹೋಯಿತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಅಲ್ಲಿದ್ದೆ. ಮುಳ್ಳು ಇನ್ನೂ ಎತ್ತರವಾಗಿತ್ತು. ಸಾವಕಾರ್ರು ಅಂಗಡಿಗೆ ಹೊರಟವರು ನನ್ನನ್ನು ನೋಡಿ ನಿಂತರು.

"ಕಾಕಾ ಹೇಳಿದ್ರು," ಎಂದೆ. "ಗಿಡಾ ನಿಮ್ಮದಂತ. ನಾನು ಗೆರಿ ತಿದ್ದಲಿಲ್ಲ."

"ನಿನ್ನೆ ಹೇಳಿಲ್ಲ ಅಂದ್ರಿ."

"ನಿನ್ನೆ ತಪ್ಪ ಹೇಳಿದೆ."

"ಇವತ್ತು ಹೇಳಾಕತ್ತಿದ್ದು ತಪ್ಪಲ್ಲಂತ ಹೆಂಗ ನಂಬೂದು?"

ನಾನು ಜೀವನಪೂರ್ತಿ ಬೇರೆಯವರಿಗೆ ಕೇಳಿದ ಪ್ರಶ್ನೆ ಅದು. ನೋಟ್‌ಬುಕ್ಕಿನ ಪುಟ ತೋರಿಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿ, "ಇಷ್ಟs ಬರದೀರಿ?" ಎಂದರು.

"ಇಷ್ಟs."

"ನಮ್ಮ ಅಂಗಡ್ಯಾಗ ಹಮಾಲರೂ ಇದಕ್ಕಿಂತ ಹೆಚ್ಚ ಬರೀತಾರ." ಪುಟವನ್ನು ಇನ್ನೊಮ್ಮೆ ನೋಡಿದರು. "ಗೆರಿ ಈಗ ತಿದ್ರಿ. ನನ್ನ ಮುಂದ."

ಬದುವಿನ ಮೇಲೆ ಕೂತು ಲ್ಯಾಪ್‌ಟಾಪ್ ತೆರೆದೆ. ಉಬ್ಬಿದ ಭಾಗದಲ್ಲಿ ಮೂವತ್ತಕ್ಕೂ ಹೆಚ್ಚು ಬಿಂದುಗಳಿದ್ದವು. ಒಟ್ಟಿಗೆ ಅಳಿಸಬಹುದಿತ್ತು. ಸಾವಕಾರ್ರು ಒಪ್ಪಲಿಲ್ಲ, ಒಂದೊಂದೇ ಅಳಿಸಬೇಕು, ತಾವು ನೋಡಬೇಕು ಎಂದರು. ಅವರು ನನ್ನ ಹೆಗಲ ಮೇಲಿಂದ ಬಗ್ಗಿ ಎಣಿಸಿದರು. ಅಷ್ಟರಲ್ಲಿ ಕಾಕಾ ಮತ್ತು ಕಾಕು ಬಂದು ಮುಳ್ಳಿನ ಆಚೆ ನಿಂತಿದ್ದರು. ಕಡೆಯ ಬಿಂದು ಅಳಿಸಿದಾಗ ಗೆರೆ ನೆಟ್ಟಗಾಯಿತು. ಸಾವಕಾರ್ರು ತಮ್ಮ ಫೋನಿನಲ್ಲಿ ನೋಡಿ ಖಾತ್ರಿ ಮಾಡಿಕೊಳ್ಳುವವರೆಗೆ ಕಾಯಬೇಕಾಯಿತು. ಅಲ್ಲಿ ನೆಟ್‌ವರ್ಕ್ ಕುಂಟುತ್ತಿತ್ತು. ನಕ್ಷೆ ಬರಲು ಒಂದು ಗಂಟೆ ಹಿಡಿಯಿತು. ಆ ಒಂದು ಗಂಟೆ ಐದು ಜನ, ಟ್ರ್ಯಾಕ್ಟರಿನವನೂ ಸೇರಿ, ಒಂದು ಫೋನಿನಲ್ಲಿ ತಿರುಗುವ ಚಕ್ರವನ್ನು ನೋಡುತ್ತ ಬಿಸಿಲಲ್ಲಿ ನಿಂತೆವು.

ನಕ್ಷೆ ಬಂದ ಮೇಲೆ ಸಾವಕಾರ್ರು ತಾವೇ ಮುಳ್ಳು ಎಳೆಯತೊಡಗಿದರು. ಕಾಕಾ ಕೈ ಹಚ್ಚಲು ಮುಂದೆ ಬಂದರು. ಸಾವಕಾರ್ರು ಮುಖ ಎತ್ತದೆ ನನಗೆ ಹೇಳಿದರು:

"ಅವಂಗ ಹೇಳ್ರಿ. ಎಳ್ಳಮಾಸಿಗೆ ಬರ್ಲಿ, ಸುತ್ತಲಿ. ಫೋನ್ ಮನ್ಯಾಗ ಇಟ್ಟ ಬರ್ಲಿ."

ಕಾಕಾ ನನಗೆ ಹೇಳಿದರು: "ಫೋನ್ ನಂದಲ್ಲ ಅಂತ ಹೇಳ್ರಿ. ಈ ಸಾಹೇಬ್ರದು."

ಟ್ರ್ಯಾಕ್ಟರ್ ಒಳಗೆ ಹೋಗುವಷ್ಟೇ ಅಗಲ ಮುಳ್ಳು ಸರಿಸಿ ಸಾವಕಾರ್ರು ಅಂಗಡಿಗೆ ಹೋದರು. ಹೊತ್ತು ಹನ್ನೊಂದು ದಾಟಿತ್ತು. ಕಾಕಾ ಬಗ್ಗಿ ಒಂದು ಹಿಡಿ ಮಣ್ಣು ತೆಗೆದು ಮುಷ್ಟಿ ಕಟ್ಟಿ ಬಿಟ್ಟರು. ಉಂಡೆ ನಿಲ್ಲಬೇಕಿತ್ತು, ಅಂಚಿನಲ್ಲಿ ಉದುರಿತು. ಟ್ರ್ಯಾಕ್ಟರಿನವನಿಗೆ ಕೈ ಮಾಡಿದರು. ಕಾಕು ನನ್ನ ಹತ್ತಿರ ಬಂದರು. ಥ್ಯಾಂಕ್ಸ್ ಹೇಳುತ್ತಾರೆ ಎಂದುಕೊಂಡ ಮೂರ್ಖ ನಾನು.

"ಈ ಮಾತು ನಿನ್ನೆ ಆಡಿದ್ರ ನಾಲಗಿ ಸವೀತಿತ್ತೇನ್ರಿ?"

ನಾಲ್ಕು ಎಕರೆ ಆ ದಿನ ಆಯಿತು. ಉಳಿದ ಎರಡು, ಬನ್ನಿ ಗಿಡದ ಬದಿಯವು, ಮರುದಿನ ಬಿತ್ತಿದರು. ಆ ದಿನ ಗಾಳಿ ಬೀಸಿತು. ಆಮೇಲೆ ಎರಡು ವಾರ ಮಳೆಯಿಲ್ಲ.

ಮುಂದಿನದನ್ನು ನಾನು ಹೊಲದಲ್ಲಿ ನೋಡಲಿಲ್ಲ, ಪರದೆಯ ಮೇಲೆ ನೋಡಿದೆ. ಬೆಳೆ ಎದ್ದ ಮೇಲೆ ಬಂದ ಉಪಗ್ರಹದ ಚಿತ್ರದಲ್ಲಿ ಕಾಕಾನ ನಾಲ್ಕು ಎಕರೆ ಹಸಿರು, ಎರಡು ಎಕರೆ ತೂತು ಬಿದ್ದ ಕಂಬಳಿ. ಸಾಫ್ಟ್‌ವೇರ್ ಆ ಚೌಕಗಳನ್ನು ಕೆಂಪು ಮಾಡಿ, ಬೆಳೆ ಏಕೆ ಕಡಿಮೆ ಎಂದು ಕೇಳಿತು. ಆಯ್ದುಕೊಳ್ಳಲು ಒಂದು ಪಟ್ಟಿ ಕೊಟ್ಟಿತು: ಕೀಟ, ರೋಗ, ನೀರಿನ ಕೊರತೆ, ಕಳಪೆ ಬೀಜ, ಇತರೆ. ನಾನು ಇತರೆ ಒತ್ತಿ, ಟಿಪ್ಪಣಿಯ ಜಾಗದಲ್ಲಿ ಹೀಗೆ ಬರೆದೆ: ಗಡಿಯ ಡೇಟಾ ತಪ್ಪಾಗಿ ಹಾಕಿದ್ದರಿಂದ ಬಿತ್ತನೆ ತಡವಾಯಿತು.

ಬರೆದೆ ಎಂದುಕೊಂಡಿದ್ದೇನೆ. ತಿಂಗಳ ನಂತರ ವರದಿ ತೆಗೆಯುವಾಗ ಅಲ್ಲಿ ನೀರಿನ ಕೊರತೆ ಎಂದಿತ್ತು. ಟಿಪ್ಪಣಿ ಖಾಲಿ. ಕಡೆಯದಾಗಿ ತಿದ್ದಿದವರು ಯಾರೆಂದು ನೋಡಿದರೆ ನನ್ನದೇ ಹೆಸರು. ನನ್ನ ಪಾಸ್‌ವರ್ಡ್ ಮ್ಯಾನೇಜರ್‌ಗೆ ಗೊತ್ತು, ಆಫೀಸಿನಲ್ಲಿ ಎಲ್ಲರಿಗೂ ಗೊತ್ತು, ಗೋಡೆಗೆ ಅಂಟಿಸಿದ್ದೇವೆ. ಅವರನ್ನು ಕೇಳಿದೆ.

"ನೀವs ಹಾಕೀರಿ," ಎಂದರು. "ಛಲೋನ ಹಾಕೀರಿ."

ಇರಬಹುದು. ಕೊಡೆಯನ್ನು ನಾನೇ ಹಿಡಿದಿದ್ದೆನಲ್ಲ.

ವರದಿ ಕಳಿಸುವ ಮುನ್ನ ಕಾಕಾನ ನಂಬರಿಗೆ ಫೋನ್ ಮಾಡಿದೆ. ಹೊಲದಲ್ಲಿದ್ದ ಕಾಕು ಎತ್ತಿದರು. ಬನ್ನಿ ಗಿಡದ ಬದಿಯ ಎರಡು ಎಕರೆಯಲ್ಲಿ ಏನಾಯಿತು, ನಿಮ್ಮ ಬಾಯಿಂದ ಕೇಳಿ ಬರೆದುಕೊಳ್ಳುತ್ತೇನೆ ಎಂದೆ.

"ಅಲ್ಲೆ ಸೋಯಾಕಿಂತ ಹುಲ್ಲ ಜಾಸ್ತಿ ಐತ್ರಿ. ಎಮ್ಮಿಗೆ ಕೊಯ್ದ ಹಾಕಾಕತ್ತೇನಿ," ಎಂದರು ಕಾಕು. ಕುಡುಗೋಲಿನ ಸಪ್ಪಳ ಕೇಳಿಸುತ್ತಿತ್ತು. "ಯಾಕಂತ ನೀವ ಕೇಳಾಕತ್ತೀರಿ? ನಿಮ್ಮ ಬುಕ್ಕಿನ್ಯಾಗ ಇಲ್ಲೇನು?"

ನೋಟ್‌ಬುಕ್ ತೆರೆದು, ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. ಹುಲ್ಲು, ಎಮ್ಮೆ, ಎಲ್ಲ. ಆಮೇಲೆ ಅದನ್ನು ಅವರಿಗೆ ಓದಿ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ಹೂಂ ಎಂದು ಫೋನ್ ಇಟ್ಟರು.